ಅವ್ವ, ಆಪೂಸ್ ಮತ್ತು ಸುಳ್ಳ

ನಮ್ಮವ್ವ ಮಾವಿನಹಣ್ಣು ಕೊಳ್ಳುವಾಗ ಹಣ್ಣನ್ನು ನೋಡುವುದೇ ಇಲ್ಲ. ಎತ್ತಿಕೊಂಡು ತೊಟ್ಟಿನ ಕಡೆಯಿಂದ ಮೂಗಿಗೆ ಹಿಡಿಯುತ್ತಾಳೆ. ಕಣ್ಣು ಆಗ ಬೇರೆಲ್ಲೋ ಇರುತ್ತದೆ, ಹೋಗುವ ಬರುವ ಆಟೋದ ಮೇಲೋ, ಪಕ್ಕದ ಬುಟ್ಟಿಯ ಬದನೆಕಾಯಿ ಮೇಲೋ. ಒಂದೇ ಉಸಿರು. ಚೀಲಕ್ಕೆ ಬಿದ್ದರೆ ಬಿತ್ತು, ಇಲ್ಲದಿದ್ದರೆ ಬುಟ್ಟಿಗೆ ವಾಪಸ್. ಹೋದ ಮೇ ತಿಂಗಳು ಧಾರವಾಡದ ಸೂಪರ್ ಮಾರ್ಕೆಟ್ಟಿನಲ್ಲಿ ಒಬ್ಬ ವ್ಯಾಪಾರಿ ತಾಳ್ಮೆಗೆಟ್ಟು, "ಯವ್ವಾ, ಎಲ್ಲಾ ಒಂದ ಗಿಡದ್ದು, ಎಷ್ಟಂತ ಮೂಸ್ತೀ" ಅಂದ. ಅವ್ವ ಮೂಗಿನಿಂದ ಹಣ್ಣು ಇಳಿಸಲಿಲ್ಲ. "ಗಿಡಾ ಒಂದ ಇರಬಹುದೋ ಯಪ್ಪಾ, ಪುಡಿ ಹಾಕಿದ ಕೈ ಬ್ಯಾರೆ" ಅಂದಳು.

ಪುಡಿ ಅಂದರೆ ಕಾರ್ಬೈಡ್. ಅದನ್ನು ಹಾಕಿ ಹಣ್ಣು ಮಾಡುವುದು ಕಾನೂನಿಗೆ ವಿರುದ್ಧ, ಎಥಿಲೀನ್ ಅನಿಲಕ್ಕೆ ಮಾತ್ರ ಅನುಮತಿ ಇದೆ ಎಂಬುದು ಅವ್ವನಿಗೆ ಬೇಕಿಲ್ಲದ ವಿಷಯ. ಪುಡಿ ಹಾಕಿದ ಹಣ್ಣಿನ ಸಿಪ್ಪೆ ಅರಿಶಿನ ಬಳಿದ ಹಾಗೆ ಒಂದೇ ಸಮ ಹಳದಿ ಆಗಿರುತ್ತದೆ, ತೊಟ್ಟಿನ ಹತ್ತಿರ ಮೂಸಿದರೆ ಮಾತ್ರ ಏನೂ ಇಲ್ಲ. ಹುಲ್ಲಿನಲ್ಲಿ ಅಡಿ ಹಾಕಿದ ಹಣ್ಣು ಬಣ್ಣದಲ್ಲಿ ಹಿಂದೆ ಬಿದ್ದರೂ ವಾಸನೆಯಲ್ಲಿ ಮನೆಯಿಡೀ ಎಬ್ಬಿಸುತ್ತದೆ.

ನಾನು ಹುಬ್ಬಳ್ಳಿಯ ಗೋಕುಲ ರೋಡಿನ ಒಂದು ಕಾರ್ಖಾನೆಯಲ್ಲಿ ಸರ್ವಿಸ್ ಎಂಜಿನಿಯರ್. ನೀರು, ಎಣ್ಣೆ, ಉಗಿ ಹಾಯುವ ದೊಡ್ಡ ಪೈಪುಗಳಿಗೆ ವಾಲ್ವ್ ಮಾಡುತ್ತೇವೆ. ನಮ್ಮ ವಾಲ್ವ್ ಯಾವ ಊರಲ್ಲಿ ಸೋರಿದರೂ ನಾನು ಅಲ್ಲಿಗೆ ಹೋಗಬೇಕು. ಹೀಗೆ 19 ವರ್ಷ ಆಯಿತು. ತಿರುಗಿ ಕೆಲಗೇರಿಯ ಮನೆಗೆ ಬಂದಾಗ ಅವ್ವ ಕೆಲಸದ ಬಗ್ಗೆ ಕೇಳಿದ್ದು ನೆನಪಿಲ್ಲ. ಕೈಕಾಲು ತೊಳೆದು ಕೂತ ಮೇಲೆ ಕೇಳುವುದು ಒಂದೇ: "ಅಲ್ಲಿ ಮಾವಿನಹಣ್ಣು ಹೆಂಗದಾವು?" ಉತ್ತರ ಕೊಡಲಿಕ್ಕಾದರೂ ಹೋದಲ್ಲೆಲ್ಲ ಹಣ್ಣು ಹುಡುಕಿ ತಿನ್ನುವುದು ರೂಢಿಯಾಯಿತು.

ಮೊದಲ ವರದಿಯೇ ನಾಚಿಕೆಗೇಡಿನದು. 2011ರ ನವೆಂಬರ್, ರೋಟರ್‌ಡ್ಯಾಮ್. ಹೋಟೆಲ್ಲಿನ ಪಕ್ಕದ ಅಂಗಡಿಯಲ್ಲಿ ಕೆಂಪು ಹಣ್ಣು ಸಾಲಾಗಿ ಕೂತಿದ್ದವು, ಮೇಲೆ ಬ್ರೆಜಿಲ್ ಅಂತ ಚೀಟಿ, ತಳಿಯ ಹೆಸರು ಟಾಮಿ ಆಟ್ಕಿನ್ಸ್. ಸೇಬಿನ ಹಂಗೆ ಮಿಂಚುತ್ತಿದ್ದವು. ಅವ್ವನ ಮಗ ಅಲ್ಲವೇ, ತೊಟ್ಟು ಮೂಸಿದೆ. ಗಾಜಿನ ಲೋಟ ಮೂಸಿದ ಹಾಗಾಯಿತು. ಆದರೂ ಒಂದು ಕೊಂಡು ರೂಮಿಗೆ ತಂದೆ. ಬೆಣ್ಣೆ ಹಚ್ಚುವ ಮೊಂಡು ಚಾಕು ಬಿಟ್ಟರೆ ಬೇರೆ ಇರಲಿಲ್ಲ. ಸಿಪ್ಪೆ ದಪ್ಪ, ಚಾಕು ಜಾರುತ್ತದೆ. ಹೇಗೋ ಹೋಳು ಮಾಡಿ ಬಾಯಿಗಿಟ್ಟರೆ ಮೊದಲು ಸಿಹಿನೀರು, ಆಮೇಲೆ ನಾರು. ರಾತ್ರಿ ಹನ್ನೊಂದಕ್ಕೆ ಕನ್ನಡಿ ಮುಂದೆ ನಿಂತು ಹಲ್ಲಿನ ಸಂದಿಯಿಂದ ಒಂದೊಂದೇ ನಾರು ಎಳೆಯುತ್ತಿದ್ದೆ.

"ವಾಸನೀ?" ಅಂದಳು ಅವ್ವ.

"ಇಲ್ಲ."

"ಮತ್ಯಾಕ ಬೆಳೀತಾರ ಅದನ್ನ?"

"ನೋಡಾಕ ಛಂದ ಇರತಾವ, ಭಾಳ ದಿನಾ ತಡೀತಾವ."

"ಹಂಗಾರ ಫೋಟೋದಂಗ ಗ್ವಾಡಿಗೆ ಹಾಕ್ಕೋ ಅನ್ನವರಿಗೆ."

ತಮಾಷೆ ಏನೆಂದರೆ ಈ ಟಾಮಿ ನಮ್ಮ ಮನೆತನದವನೇ. 1889ರಲ್ಲಿ ಭಾರತದಿಂದ ಅಮೆರಿಕದ ಫ್ಲಾರಿಡಾಕ್ಕೆ ಮಲಗೋಬಾ ಎಂಬ ಹೆಸರಿನ ಕಸಿ ಸಸಿಗಳು ಹೋದವು. ಆರು ವರ್ಷದ ಮೇಲೆ ಬಿದ್ದ ಹಿಮಗಟ್ಟುವ ಚಳಿಗೆ ಹೆಚ್ಚಿನವು ಸತ್ತವು. ಬದುಕಿದ ಗಿಡದ ಗೊರಟದಿಂದ ಹೇಡನ್ ಹುಟ್ಟಿತು, 1910ರಲ್ಲಿ ಮೊದಲ ಹಣ್ಣು ಬಿಟ್ಟಿತು. ಹೇಡನ್ನಿನ ಗೊರಟದಿಂದ 1920ರ ದಶಕದಲ್ಲಿ ಟಾಮಿ ಆಟ್ಕಿನ್ಸ್. ರುಚಿ ನೋಡಿದ ಫ್ಲಾರಿಡಾದವರೇ ಅದನ್ನು ಮೊದಲು ಒಲ್ಲೆ ಅಂದಿದ್ದರು. ಆದರೆ ಪೆಟ್ಟಿಗೆಯಲ್ಲಿ ಹಾಕಿ ಹಡಗಿಗೆ ಏರಿಸಿದರೆ ಮುದ್ದೆಯಾಗದೆ ಇಳಿಯುವ ಹಣ್ಣು ಅದೇ. ಮೆಕ್ಸಿಕೋ, ಬ್ರೆಜಿಲ್, ಪೆರು ಕಡೆಯಿಂದ ಅಮೆರಿಕಕ್ಕೆ ಹೋಗುವ ಮಾವನ್ನು ನೊಣದ ಮರಿಹುಳ ಸಾಯಲೆಂದು 46 ಡಿಗ್ರಿ ಬಿಸಿನೀರಿನಲ್ಲಿ ಮುಳುಗಿಸಿಡುತ್ತಾರೆ, ಹಣ್ಣಿನ ಗಾತ್ರ ನೋಡಿ 65 ನಿಮಿಷದಿಂದ 110 ನಿಮಿಷದವರೆಗೆ. ನಾವು ಟೆಸ್ಟ್ ಬೆಂಚಿನ ಮೇಲೆ ವಾಲ್ವಿಗೆ ಒತ್ತಡ ಕೊಟ್ಟು ಗಡಿಯಾರ ನೋಡುತ್ತ ನಿಲ್ಲುವುದು ಹೀಗೇ. ನಮ್ಮ ಆಪೂಸನ್ನು, ಅಂದರೆ ಆಲ್ಫಾನ್ಸೊ ಮಾವನ್ನು, ಆ ಬೆಂಚಿಗೆ ಏರಿಸಿದರೆ ಏನಾಗುತ್ತದೆ ಅಂತ ನೆನೆಸಿಕೊಳ್ಳಲಿಕ್ಕೂ ಆಗುವುದಿಲ್ಲ. ನಮ್ಮ ಹಣ್ಣು ಅಮೆರಿಕಕ್ಕೆ 2007ರಿಂದ ಹೋಗುತ್ತಿದೆ, ಬಿಸಿನೀರಿನ ಬದಲು ವಿಕಿರಣ ಹಾಯಿಸಿ.

ಅಲ್ಲಿಂದ ಮುಂದೆ ಎಲ್ಲಿ ಹೋದರೂ ಮೊದಲು ಮೂಗು, ಆಮೇಲೆ ಬಾಯಿ. ನಿಧಾನಕ್ಕೆ ಒಂದು ವಿಷಯ ತಿಳಿಯತೊಡಗಿತು. ಜನ ಮಾವಿನಹಣ್ಣಿನ ಬಗ್ಗೆ ಮಾತಾಡುವಾಗ ಸಿಹಿಯನ್ನೇ ಹಿಡಿದುಕೊಳ್ಳುತ್ತಾರೆ. ಸಿಹಿ ಎಲ್ಲಾ ಕಡೆ ಇದೆ. ಹಣ್ಣಿಗೂ ಹಣ್ಣಿಗೂ ವ್ಯತ್ಯಾಸ ಮಾಡುವುದು ಸೊನೆಯ ವಾಸನೆ, ಹಣ್ಣಾದ ಮೇಲೂ ಅದು ಎಷ್ಟು ಉಳಿದಿದೆ ಎಂಬುದು.

ಕಾಯಿ ಕಿತ್ತಾಗ ತೊಟ್ಟಿನಿಂದ ಚಿಮ್ಮಿ ಮೈಮೇಲೆ ಬಿದ್ದರೆ ಚರ್ಮ ಸುಡುತ್ತದಲ್ಲ, ಆ ಸೊನೆ. ಮಾವು, ಗೇರು ಒಂದೇ ಕುಟುಂಬದ ಗಿಡಗಳು, ಇಬ್ಬರಿಗೂ ಸುಡುವ ಗುಣ ಇದೆ. ಸೊನೆಯ ಘಾಟು ಬರುವುದು ಟರ್ಪೀನ್ ಎಂಬ ರಾಸಾಯನಿಕಗಳಿಂದ, ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ಎಣ್ಣೆಯ ವಾಸನೆಯೂ ಇದೇ ಬಳಗದ್ದು. ಹಲವು ಫ್ಲಾರಿಡಾ ತಳಿಗಳಲ್ಲಿ ಕೆರೀನ್ ಎಂಬ ಟರ್ಪೀನ್ ಮುಂದಿರುತ್ತದೆ, ನಮ್ಮ ಆಪೂಸಿನಲ್ಲಿ ಒಸಿಮೀನ್. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು ಆಪೂಸಿನ ಪರಿಮಳವನ್ನೇ ಹಿಡಿದು ಅಭ್ಯಾಸ ಮಾಡಿದ್ದಾರೆ. ಕಾಯಿ ಇದ್ದಾಗ ಬರೀ ಟರ್ಪೀನುಗಳ ಕಾರುಬಾರು, ಹಣ್ಣಾಗುತ್ತ ಬಂದಂತೆ ಲ್ಯಾಕ್ಟೋನ್, ಫ್ಯೂರನೋನ್ ಎಂಬ ಬೇರೆ ಜಾತಿಯವು ಬಂದು ಕೂಡುತ್ತವೆ. ಒಂದರಲ್ಲಿ ಹಸಿ ಕೊಬ್ಬರಿಯ ನೆನಪು, ಇನ್ನೊಂದರಲ್ಲಿ ಸಕ್ಕರೆ ಕಂದುವಾಗಿನ ವಾಸನೆ. ಆಪೂಸಿನ ದೊಡ್ಡಸ್ತಿಕೆ ಇರುವುದು ಇಲ್ಲಿ. ಹೊಸಬರು ಬಂದರೂ ಹಳಬರು ಪೂರ್ತಿ ಮನೆ ಬಿಡುವುದಿಲ್ಲ. ಸೊನೆಯ ಒಂದು ಎಳೆ ಕೊನೆಯವರೆಗೂ ಉಳಿದಿರುತ್ತದೆ.

ಆ ಎಳೆ ಇಲ್ಲದ ಹಣ್ಣುಗಳೂ ಇವೆ, ಕೆಟ್ಟವೇನಲ್ಲ. ಮೆಕ್ಸಿಕೋದ ದಕ್ಷಿಣ ತುದಿಯ ಚಿಯಾಪಾಸ್‌ನಲ್ಲಿ ತಿಂದ ಅಟಾಲ್ಫೊ ಕೈಮುಷ್ಟಿಯಷ್ಟು ಹಳದಿ ಹಣ್ಣು, ಗೊರಟ ಬಿಸ್ಕತ್ತಿನಷ್ಟು ತೆಳು, ತಿರುಳು ಬೆಣ್ಣೆ. ಬೆಲ್ಲದ ಪಾಕಕ್ಕೆ ನಿಂಬೆ ಹಿಂಡಿದ ಹಾಗಿತ್ತು. ಅಲ್ಲಿಯವರು ಬೀದಿಯಲ್ಲಿ ಹಣ್ಣನ್ನು ಕಡ್ಡಿಗೆ ಚುಚ್ಚಿ, ಹೂವಿನ ದಳದಂತೆ ಕೊಯ್ದು, ನಿಂಬೆರಸ ಮತ್ತು ಖಾರದ ಪುಡಿ ಹಾಕಿ ಕೊಡುತ್ತಾರೆ. ಬ್ಯಾಡಗಿ ಮೆಣಸಿನಕಾಯಿ ನಾಡಿನವನಿಗೆ ಇದನ್ನು ಕಲಿಸಬೇಕೇ? ಎರಡು ತಿಂದೆ.

ಫಿಲಿಪ್ಪೀನ್ಸಿನಿಂದ ತಾಜಾ ಹಣ್ಣು ತರಲಿಕ್ಕೆ ಬಿಡುವುದಿಲ್ಲ, ಹಾಗಾಗಿ ಸೆಬುವಿನಿಂದ ಒಣಗಿಸಿದ ಮಾವು ತಂದೆ. ತಳಿಯ ಹೆಸರು ಕಾರಬಾವ್. ಹಾಗಂದರೆ ಅಲ್ಲಿನ ಎಮ್ಮೆ ಅಂತ ಹೇಳಿದ್ದೇ ತಪ್ಪಾಯಿತು. "ಎಮ್ಮಿ ಹಣ್ಣಾ?" ಅಂತ ಅವ್ವ ಕೈ ಹಿಂದೆ ತೆಗೆದಳು. ಆಮೇಲೆ ಯಾರೂ ಇಲ್ಲದಾಗ ಡಬ್ಬಿ ಖಾಲಿ ಆಗಿತ್ತು. ಜೇನಿನಂಥ ಸಿಹಿ, ಘಾಟು ಸ್ವಲ್ಪವೂ ಇಲ್ಲ. ಗಿನ್ನೆಸ್ ಪುಸ್ತಕ 1995ರಲ್ಲಿ ಜಗತ್ತಿನ ಅತಿ ಸಿಹಿ ಮಾವು ಅಂತ ಬರೆದುಕೊಂಡದ್ದು ಇದನ್ನೇ. ಅವ್ವನ ತೀರ್ಪು: "ಸಿಹಿ ಐತಿ. ಮುಂದ?"

ಬ್ಯಾಂಕಾಕಿನಲ್ಲಿ ನಾಮ್ ಡಾಕ್ ಮೈ ಎಂಬ ಹಣ್ಣು. ಹೂವಿನ ಮಕರಂದ ಅಂತ ಅರ್ಥವಂತೆ, ಉದ್ದಕ್ಕೆ, ಸೊಟ್ಟ ತುದಿ. ಅದನ್ನು ಅಂಟು ಅಕ್ಕಿಯ ಅನ್ನದ ಜೊತೆ, ಮೇಲೆ ಉಪ್ಪು ಹಾಕಿದ ಕೊಬ್ಬರಿ ಹಾಲು ಸುರಿದು ಕೊಡುತ್ತಾರೆ. ಹುರಿದ ಹೆಸರುಬೇಳೆ ಉದುರಿಸುತ್ತಾರೆ, ಕಟುಂ ಅನ್ನುತ್ತದೆ. ಇದನ್ನು ಮನೆಯಲ್ಲಿ ಹೇಳಿದಾಗ ಅವ್ವ, "ಅನ್ನಕ್ಕ ಮಾವಿನಹಣ್ಣಾ?" ಅಂತ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅಂಕೋಲೆಯ ನನ್ನ ಹೆಂಡತಿಗೆ ಸಿಕ್ಕಿತು ಅವಕಾಶ. "ಯಾಕತ್ತೆ, ನಮ್ಮ ಬದಿಗೆ ಮಾವಿನಹಣ್ಣಿನ ಸಾಸಿವೆ ಅನ್ನಕ್ಕೆ ಕಲಸಿಕೊಂಡೇ ಉಣ್ಣುವುದಲ್ಲವೇ?" ಆ ದಿನ ಒಲೆಯ ಹತ್ತಿರ ಇಬ್ಬರೂ ಮಾತಾಡಲಿಲ್ಲ.

ಈಜಿಪ್ಟಿನ ಇಸ್ಮಾಯಿಲಿಯಾದಲ್ಲಿ ಆಗಸ್ಟಿನ ಬಿಸಿಲಲ್ಲಿ ಎವೈಸ್ ಎಂಬ ಸಣ್ಣ ಹಣ್ಣು ತಿಂದೆ, ಚೆನ್ನಾಗಿತ್ತು. ಪೆರುವಿನ ಕೆಂಟ್ ಯುರೋಪಿನಲ್ಲಿ ಚಳಿಗಾಲಕ್ಕೆ ಸಿಗುತ್ತದೆ, ನಾರಿಲ್ಲ, ರಸ ಇದೆ, ಒಳ್ಳೆಯ ಮನೆತನದ ಹುಡುಗ ಇದ್ದ ಹಾಗೆ. ಹೆಚ್ಚು ಹೇಳಲಿಕ್ಕೆ ಏನಿಲ್ಲ. ಇನ್ನು ನಮ್ಮ ಓಣಿಯಲ್ಲಿ ಒಬ್ಬರು ಮಿಯಾಝಾಕಿ ಸಸಿ ತಂದು ನೆಟ್ಟು ಸುತ್ತ ತಂತಿಬೇಲಿ ಹಾಕಿದ್ದಾರೆ, ಕೆಜಿಗೆ ಲಕ್ಷಗಟ್ಟಲೆ ಅಂತ ಪೇಪರಿನಲ್ಲಿ ಓದಿ. ಅದು ಇರ್ವಿನ್, ಮತ್ತದೇ ಫ್ಲಾರಿಡಾ ತಳಿ. ಜಪಾನಿನ ಮಿಯಾಝಾಕಿಯಲ್ಲಿ ಹಸಿರುಮನೆಯೊಳಗೆ ಬೆಳೆದು, ಪ್ರತಿ ಹಣ್ಣಿಗೂ ಬಲೆ ಕಟ್ಟಿ, ತಾನಾಗಿ ಕಳಚಿ ಬೀಳುವವರೆಗೆ ಕಾದು, 350 ಗ್ರಾಂ ತೂಕ ಮತ್ತು 15 ಬ್ರಿಕ್ಸ್ ಸಿಹಿ ದಾಟಿದರೆ ಮಾತ್ರ "ಸೂರ್ಯನ ಮೊಟ್ಟೆ" ಅಂತ ಹೆಸರು ಕೊಡುತ್ತಾರೆ. ಬೆಲೆ ಇರುವುದು ಆ ಬಲೆಗೆ, ಆ ಕಾಯುವಿಕೆಗೆ. ಸಸಿಯ ಜೊತೆ ಅದು ಬರುವುದಿಲ್ಲ ಅಂತ ಅವರಿಗೆ ಹೇಳುವ ಧೈರ್ಯ ನನಗಿಲ್ಲ.

ಆಪೂಸ್ ಭಕ್ತನಾದ ನನ್ನಲ್ಲಿ ಹೆದರಿಕೆ ಹುಟ್ಟಿಸಿದ್ದು ಒಂದೇ ಹಣ್ಣು. ದುಬೈಯಲ್ಲಿ ಜುಲೈ ತಿಂಗಳು, ಮುಲ್ತಾನಿನಿಂದ ಬಂದ ಚೌಸಾ. ಕೊಯ್ಯುವ ಹಣ್ಣಲ್ಲ. ಕೈಯಲ್ಲಿ ಮೆತ್ತಗೆ ಹಿಚುಕಿ, ತೊಟ್ಟು ಕಚ್ಚಿ, ಮೊದಲ ಹನಿ ಉಗುಳಿ ಚೀಪಬೇಕು. ನಮ್ಮ ಹೊಲದ ಬದುವಿನ ಜವಾರಿ ಹಣ್ಣು ಚೀಪಿ ಬೆಳೆದವನಿಗೆ ಕೈಗೆ ತಾನೇ ಗೊತ್ತಿತ್ತು. ನಮ್ಮದು ಮುಗಿದ ಮೇಲೆ ಅದು ಶುರುವಾಗುವುದರಿಂದ ಎರಡನ್ನೂ ಒಟ್ಟಿಗೆ ಇಟ್ಟು ತೂಗುವ ಪ್ರಸಂಗ ಬರಲಿಲ್ಲ. ಬರದಿದ್ದದ್ದೇ ಒಳ್ಳೆಯದಾಯಿತು.

ಈಗ ಸುಳ್ಳನ ಕಥೆ.

1998ರ ಬೇಸಿಗೆಯಲ್ಲಿ ಅವ್ವ ಒಂದು ಆಪೂಸ್ ತಿಂದು ಗೊರಟವನ್ನು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಆಚೆ ಒಗೆದಿದ್ದಳು. ಬಚ್ಚಲ ನೀರು ಕುಡಿದು ಅದು ಎದ್ದಿತು. ಆಪೂಸಿನ ಗೊರಟ ಅಂತ ಯಾರೂ ಕೀಳಲಿಲ್ಲ. ಎಂಟನೇ ವರ್ಷ ಹೂ ಬಿಟ್ಟಿತು, ಹನ್ನೊಂದು ಕಾಯಿ ನಿಂತವು. ಅಪ್ಪ ದಿನಾ ಎಣಿಸುತ್ತಿದ್ದರು. ಹಣ್ಣಾದ ದಿನ ಅವ್ವ ತಟ್ಟೆ ಇಟ್ಟುಕೊಂಡು ಕೊಯ್ದಳು, ಸುತ್ತ ನಾವು ನಾಲ್ಕು ಜನ. ಒಳಗೆ ಮಾಸಲು ಹಳದಿ, ಚಾಕುವಿಗೆ ಸಿಕ್ಕಿ ಎದ್ದ ನಾರು. ತೊಟ್ಟಿನ ಕೆಳಗೆ ಹುಳಿ, ನಡುವೆ ಸಿಹಿ, ಉಸಿರು ಬಿಟ್ಟರೆ ಮೂಗಿನಲ್ಲಿ ಸೀಮೆಎಣ್ಣೆ. ಅಪ್ಪ ಸುಮ್ಮನೆ ಎದ್ದು ಹೋದರು. ಅವ್ವ ಗಿಡದ ಕಡೆ ತಿರುಗಿ, "ಆಪೂಸಿನ ಹೊಟ್ಟ್ಯಾಗ ಹುಟ್ಟಿ ಎಂಥಾ ಸುಳ್ಳ ಹೇಳತೈತಿ ನೋಡ ಇದು" ಅಂದಳು. ಅವತ್ತಿನಿಂದ ಅದರ ಹೆಸರು ಸುಳ್ಳ.

ಪಾಪ, ಗಿಡದ ತಪ್ಪಿಲ್ಲ. ಆಪೂಸಿನಂಥ ನಮ್ಮ ಹೆಚ್ಚಿನ ತಳಿಗಳ ಗೊರಟದಲ್ಲಿ ಒಂದೇ ಭ್ರೂಣ. ನೊಣ ಯಾವ ಗಿಡದ ಪರಾಗ ತಂದಿತೋ ಆ ಅಪ್ಪನ ಗುಣವೂ ಅದರಲ್ಲಿ ಕೂಡುತ್ತದೆ, ಪ್ರತಿ ಗೊರಟವೂ ಹೊಸ ಮಾವು. ನಮ್ಮ ಬದುಗಳ ಜವಾರಿ ಗಿಡಗಳಲ್ಲಿ ಒಂದರ ರುಚಿ ಇನ್ನೊಂದಕ್ಕೆ ಇರದೆ, ಒಂದೊಂದಕ್ಕೂ ಒಂದೊಂದು ಹೆಸರು ಇರುವುದು ಇದಕ್ಕೇ. ಕಾರಬಾವ್, ನಾಮ್ ಡಾಕ್ ಮೈ ಹಾಗಲ್ಲ. ಆ ಕಡೆಯ ಗೊರಟಗಳಲ್ಲಿ ಹಲವು ಭ್ರೂಣ, ಅದರಲ್ಲಿ ಹೆಚ್ಚಿನವು ತಾಯಿಯ ಅಂಗಾಂಶದಿಂದಲೇ ಆದವು. ನೆಟ್ಟರೆ ತಾಯಿಯೇ ಮತ್ತೆ ಹುಟ್ಟುತ್ತಾಳೆ. ನಮಗೆ ಆ ಸೌಕರ್ಯ ಇಲ್ಲ, ಒಳ್ಳೆಯ ಗಿಡ ಸಿಕ್ಕರೆ ಕಸಿ ಕಟ್ಟಿಯೇ ಉಳಿಸಿಕೊಳ್ಳಬೇಕು. ಗೋವಾದ ಪಾದ್ರಿಗಳು ಮಾವಿಗೆ ಕಸಿ ಮಾಡದಿದ್ದರೆ ಆಪೂಸ್ ಎಂಬುದು ಇರುತ್ತಿರಲಿಲ್ಲ. ಹೆಸರೂ 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸ್ ಸೇನಾಪತಿ ಅಫೊನ್ಸೊ ಡಿ ಅಲ್ಬುಕರ್ಕ್‌ನದು. ಧಾರವಾಡದ ಮಂದಿ ಈಗಲೂ ಕಲ್ಮಿ ಹಣ್ಣು ಅನ್ನುತ್ತಾರೆ, ಕಲಮು ಅಂದರೆ ಕಸಿ.

ಸುಳ್ಳನ ವಾಸನೆ ನನಗೆ ಮತ್ತೆ ಸಿಕ್ಕಿದ್ದು ಸಿಂಗಪುರದಲ್ಲಿ. ಆಸ್ಟ್ರೇಲಿಯಾದ ಹಣ್ಣು, ಕೆನ್ಸಿಂಗ್ಟನ್ ಪ್ರೈಡ್, ಕ್ವೀನ್ಸ್‌ಲ್ಯಾಂಡಿನ ಬೋವೆನ್ ಎಂಬ ಊರಿನ ಹೆಸರಲ್ಲೂ ಕರೆಯುತ್ತಾರೆ. ಹೋಳು ಬಾಯಿಗಿಟ್ಟು ಉಸಿರು ಬಿಟ್ಟೆ. ಹಿತ್ತಲು, ಒಗೆಯುವ ಕಲ್ಲು, ಬಚ್ಚಲ ನೀರು, ಎಲ್ಲ ಬಂತು. ಇದರ ಪರಿಮಳದಲ್ಲಿ ಟರ್ಪಿನೋಲೀನ್ ಎಂಬ ಟರ್ಪೀನ್ ಎಲ್ಲಕ್ಕಿಂತ ಮುಂದೆ. ಅಲ್ಲಿಯ ಜನ ಆ ಘಾಟಿಗಾಗಿಯೇ ಅದನ್ನು ಪ್ರೀತಿಸುತ್ತಾರೆ, ನಯವಾದ ಹೊಸ ತಳಿ ಕೊಟ್ಟರೂ ನಮ್ಮ ಹಳೆಯದೇ ಬೇಕು ಅನ್ನುತ್ತಾರೆ. ನಾವು ಸುಳ್ಳ ಅಂತ ಬೈದದ್ದನ್ನು ಅವರು ಹೆಮ್ಮೆ ಅಂತ ಕರೆದಿದ್ದರು.

ಆಪೂಸಿನ ಸುಳ್ಳೂ ನನಗೆ ಗೊತ್ತು, ಮುಚ್ಚಿಡುವುದಿಲ್ಲ. ಹೊರಗೆ ಎಲ್ಲ ಸರಿ ಇರುತ್ತದೆ, ಅವ್ವನ ಮೂಗಿಗೂ ಮೋಸ. ಕೊಯ್ದರೆ ಗೊರಟದ ಸುತ್ತ ಬೆಳ್ಳಗೆ, ಸ್ಪಂಜಿನ ಹಾಗೆ, ಹುಳಿ. ಗಿಡದಲ್ಲೇ ಹೆಚ್ಚು ಬಲಿತ ಕಾಯಿಗೆ ಮತ್ತು ಕಾದ ನೆಲದ ಝಳ ತಾಗಿದ ಕಾಯಿಗೆ ಇದು ಜಾಸ್ತಿ, ಅದಕ್ಕೇ ಬುಡದಲ್ಲಿ ಹುಲ್ಲು ಮುಚ್ಚಬೇಕು ಅನ್ನುತ್ತಾರೆ. ಒಂದು ವರ್ಷ ಬಿಟ್ಟು ಒಂದು ವರ್ಷ ಹಣ್ಣು ಬಿಡುವ ಸೋಮಾರಿತನ ಬೇರೆ. ಇಷ್ಟೆಲ್ಲ ಸಹಿಸಿಕೊಂಡು ಬೆಳೆದ ನಮ್ಮ ಹಣ್ಣು ಮಹಾರಾಷ್ಟ್ರದ ಪೇಟೆಗೆ ಹೋದರೆ ಅಲ್ಲಿ ಅದರ ಹೆಸರು ರತ್ನಾಗಿರಿ ಆಗುತ್ತದೆ. 2018ರಲ್ಲಿ ಆಪೂಸಿಗೆ ಸಿಕ್ಕ ಭೌಗೋಳಿಕ ಗುರುತು (ಜಿಐ ಟ್ಯಾಗ್) ಕೊಂಕಣದ ಐದು ಜಿಲ್ಲೆಗಳದು, ನಮ್ಮದಲ್ಲ.

ಹೆಂಡತಿಯ ಊರಿನ ಕರಿ ಇಶಾಡ ಮಾವಿಗೆ ಮಾತ್ರ 2023ರಲ್ಲಿ ಆ ಗುರುತು ಬಂತು. ಬಂದ ದಿನ ಅವಳು ಏನೂ ಮಾತಾಡಲಿಲ್ಲ, ಪೇಪರನ್ನು ಮಡಚಿ ಅವ್ವನ ಚಹಾ ಲೋಟದ ಪಕ್ಕ ಇಟ್ಟಳು. ಅಂಕೋಲೆಯ ಇಶಾಡ ತೆಳು ಸಿಪ್ಪೆಯದು, ರಸ ತುಂಬಿದ್ದು. ದೂರದ ಪೇಟೆ ನೋಡುವ ಯೋಗ ಅದಕ್ಕಿಲ್ಲ. ಮಾವನವರು ಬಸ್ಸಿನಲ್ಲಿ ಕಳಿಸಿದ ಪೆಟ್ಟಿಗೆ ಹುಬ್ಬಳ್ಳಿಗೆ ಬಂದು ಇಳಿಯುವಷ್ಟರಲ್ಲಿ ಅರ್ಧ ಸೀಕರಣಿ ಆಗಿರುತ್ತದೆ. ಒಂದು ಕಾರಹುಣ್ಣಿಮೆಗೆ ಹೋಳಿಗೆಯ ಜೊತೆ ಅದರದೇ ಸೀಕರಣಿ ಮಾಡಿದ್ದಳು, ಯಾವ ಹಣ್ಣು ಅಂತ ಹೇಳದೆ. ಅವ್ವ ಎರಡು ಬಟ್ಟಲು ಉಂಡು, "ಏಲಕ್ಕಿ ಕಡಿಮಿ ಆತು" ಅಂದಳು. ನಮ್ಮ ಮನೆಯಲ್ಲಿ ಇದು ದೊಡ್ಡ ಹೊಗಳಿಕೆ.

ಸುಳ್ಳನಿಗೆ ಇಶಾಡದ ಕಸಿ ಕಟ್ಟೋಣ ಅಂದದ್ದು ಅವಳೇ. ಅವ್ವ ಒಂದೇ ಕೊಂಬೆಗೆ ಒಪ್ಪಿದಳು. ಸುಳ್ಳನ ಕಾಯಿ ಉಪ್ಪಿನಕಾಯಿಗೆ ಬೇಕು, ಆ ಹುಳಿ, ಆ ಘಾಟು ಬೇರೆ ಕಾಯಿಗೆ ಇಲ್ಲ, "ಕಾಯಿದ್ದಾಗ ಖರೇನ ಹೇಳತೈತದು" ಅನ್ನುತ್ತಾಳೆ. ಹೋದ ವರ್ಷ ಫೆಬ್ರುವರಿಯಲ್ಲಿ ಬಡಗಣ ಕೊಂಬೆ ಕಡಿದೆವು. ಚಿಗುರು ಬಂದ ಮೇಲೆ, ಜುಲೈಯ ಜಿಟಿಜಿಟಿ ಮಳೆಯಲ್ಲಿ, ಅಂಕೋಲೆಯಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಕಡ್ಡಿಗಳನ್ನು ಐದು ಕಡೆ ಸೀಳಿ ಕೂಡಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಮೇಲೆ ಹುಡುಗರು ಚೀಪುವ ಪೆಪ್ಸಿ ಐಸಿನ ಕೊಳವೆ ಟೊಪ್ಪಿಗೆ ಹಾಕಿದ್ದಾಯಿತು. ಕಟ್ಟುವಾಗ ಸೊನೆ ಸಿಡಿದು ನನ್ನ ಮುಂಗೈ ಮೇಲೆ ಬಿತ್ತು, ಕಲೆ ಇನ್ನೂ ಇದೆ. ಮೂರು ಒಣಗಿದವು. ಎರಡು ಹಿಡಿದವು, ತಾಮ್ರದ ಬಣ್ಣದ ಎಲೆ ಬಿಟ್ಟಿವೆ.

ಮೊನ್ನೆ ಬೆಳಿಗ್ಗೆ ನೋಡಿದರೆ ಅವ್ವ ಆ ಕೊಂಬೆಯ ಕೆಳಗೆ ನಿಂತು ಒಂದು ಎಳೆ ಎಲೆ ಕಿತ್ತು, ಬೆರಳಲ್ಲಿ ಹೊಸಕಿ ಮೂಸುತ್ತಿದ್ದಳು. ಕಣ್ಣು ಬಾವಿಯ ಕಡೆ ಇತ್ತು.

"ಏನಂತೈತಿ?" ಅಂದೆ.

"ಇನ್ನೂ ಸುಳ್ಳಂದ ವಾಸನಿ ಐತಿ" ಅಂದಳು.